ಮುದ್ದಕ್ಕನ ಅಟ್ಟೆಗಾಡಿ

ನಮ್ಮೂರಿನಲ್ಲಿ ಯಾರೂ "ನೆನಪಿದೆ" ಅನ್ನುವುದಿಲ್ಲ, "ಹಿಡಿದು ನೋಡಿದೆ" ಅನ್ನುತ್ತಾರೆ. ಹುಡುಗನ ಗಂಟಲು ಒಡೆದ ವರ್ಷ, ಹುಡುಗಿ ಲಂಗ ಬಿಟ್ಟು ಸೀರೆಗೆ ಬಂದ ವರ್ಷ, ಅಲ್ಲಿಯತನಕ ಬಾಳಿದ್ದೆಲ್ಲ ತಲೆಯಿಂದ ಇಳಿದು ಅವರವರ ಆಟಿಕೆಯೊಳಗೆ ಹೋಗಿ ಕೂತುಬಿಡುತ್ತದೆ. ಬುಗುರಿ ಆಡಿದವನದು ಬುಗುರಿಗೆ, ಚಿಂದಿಗೊಂಬೆ ಆಡಿದವಳದು ಗೊಂಬೆಗೆ. ಆಮೇಲೆ ಅದು ಬೇಕೆನಿಸಿದರೆ ಬರಿಗೈಯಲ್ಲಿ ಎತ್ತಿ ಹಿಡಿಯಬೇಕು. ಹಿಡಿದಷ್ಟು ಹೊತ್ತು ಇರುತ್ತದೆ, ಕೆಳಗಿಟ್ಟರೆ ಹೋಯಿತು. ಯಾರು ಹಿಡಿದರೂ ಕಾಣುತ್ತದೆ, ಪರರಿಗೆ ಕಂಡದ್ದು ಮಾತ್ರ ಅವರ ತಲೆಯಲ್ಲೇ ಉಳಿದುಬಿಡುತ್ತದೆ. ಅದಕ್ಕೇ ನಮ್ಮ ಕೆಳಕೇರಿಯಲ್ಲಿ ಇನ್ನೊಬ್ಬರ ಆಟಿಕೆಯನ್ನು ಬರಿಗೈಯಲ್ಲಿ ಮುಟ್ಟುವುದು, ನೀರು ಹಾಕಿಕೊಳ್ಳುವವರನ್ನು ತಡಿಕೆಯ ಸಂದಿಯಲ್ಲಿ ಇಣುಕಿ ನೋಡಿದಷ್ಟು ಹೇಸಿಗೆಯ ಕೆಲಸ. ಇನ್ನೊಂದು ಮಾತು, ಅದಕ್ಕೆ ನೀರು ತಾಗಬಾರದು. ನೀರು ಬಿದ್ದರೆ ಮೊದಲು ಅಳಿಸಿಹೋಗುವುದು ಮುಖಗಳು. ಮಾಡು ಸೋರುವ ಮನೆಗಳಲ್ಲಿ ಅಕ್ಕಿ ನೆಂದರೂ ಪರವಾಗಿಲ್ಲ ಅಂತ ಆಟಿಕೆಯನ್ನು ಗೋಡೆಯ ಮೇಲಿನ ಗೂಡಿನಲ್ಲಿ ಇಡುತ್ತಾರೆ.

ಅದರ ಜೊತೆಗೇ ಬದುಕುವುದನ್ನು ನಮ್ಮವರು ಕಲಿತಿದ್ದಾರೆ. ಪಕ್ಕದ ಮನೆಯ ಹೊನ್ನಯ್ಯಮಾವ ಸುಣ್ಣದ ಭಟ್ಟಿಯಿಂದ ಬಂದವನೇ ಕಾಲು ಕೂಡ ತೊಳೆಯದೆ ತನ್ನ ಗಿಲ್ಲಿಯನ್ನು ಮುಷ್ಟಿಯಲ್ಲಿ ಹಿಡಿದು ಜಗಲಿಯ ಮೇಲೆ ಕೂರುತ್ತಾನೆ. ಸುಣ್ಣ ತಿಂದ ಬೆರಳುಗಳು ಬಿಗಿಯಾಗುತ್ತವೆ, ಹಲ್ಲಿಲ್ಲದ ಬಾಯಿ ಅಗಲವಾಗುತ್ತದೆ. ಅವನ ಹೆಂಡತಿ ಕುಳ್ಳಮ್ಮತ್ತೆ ಒಳಗಿಂದಲೇ ಕೂಗುತ್ತಾಳೆ: "ಆಟ ಮುಗೀತಾ ಸಾಮಿ? ಮುಗ್ದಿದ್ರೆ ನಾಕು ಸೌದೆ ಸೀಳ್ಕೊಡಿ. ನಿಮ್ ಗಿಲ್ಲಿ ಒಲೆಗಾಕಿದ್ರೆ ಒಂದ್ ಲೋಟ ಕಾಪಿನೂ ಕಾಯಾಕಿಲ್ಲ." ಅವನು ಗಿಲ್ಲಿಯನ್ನು ಗೂಡಿಗಿಟ್ಟು ಮತ್ತೆ ಮುದುಕನಾಗಿ ಸೌದೆ ಸೀಳಲು ಹೋಗುತ್ತಾನೆ.

ನಮ್ಮ ಮನೆಯಲ್ಲಿ ಅವ್ವನ ಗೂಡು ಖಾಲಿ. ನಾನು ಓದಬೇಕಾಗಿತ್ತು, ಅದಕ್ಕೆ ಖಾಲಿ. ಊರಿನ ಒಂದೇ ಸ್ಕೂಲು ಮೇಲ್ಕೇರಿಯ ಸವಿನೆನಪು ಸಂಘದ್ದು. ಕೆಳಕೇರಿಯ ಒಂದು ಕೂಸು ಆ ಬಾಗಿಲೊಳಗೆ ಹೋಗಬೇಕಾದರೆ ಆ ಮನೆಯಿಂದ ಒಂದು ಆಟಿಕೆ ಸಂಘಕ್ಕೆ ಹೋಗಬೇಕು. ಮೇಲ್ಕೇರಿಯವರಿಗೂ ಆಟಿಕೆಗಳಿದ್ದವು, ಕೀಲಿ ಕೊಟ್ಟರೆ ಓಡುವ ರೈಲು, ಕಣ್ಣು ಮುಚ್ಚಿ ತೆರೆಯುವ ಬೊಂಬೆ. ಆದರೆ ಅವೆಲ್ಲ ಗಾಜಿನ ಬೀರುವಿನೊಳಗೆ, ಮುಟ್ಟಬೇಡ, ಒಡೆದೀಯೆ, ಕೊಳೆಯಾದೀತು ಎಂಬ ಮಾತಿನೊಳಗೆ ಬೆಳೆದವು. ಅವುಗಳಲ್ಲಿ ಏನೂ ಇಳಿಯಲಿಲ್ಲ. ದೊಡ್ಡವರಾದ ಮೇಲೆ ಹಿಡಿದು ನೋಡಿದರೆ ಬರೀ ತಗಡು. ಹಾಗಾಗಿ ನಮ್ಮದು ಬೇಕಾಯಿತು. ನಮ್ಮ ಹೊಲ ಅವರದು, ನಮ್ಮ ರಟ್ಟೆ ಅವರದು, ಇನ್ನು ನಾವು ಮಣ್ಣಿನಲ್ಲಿ ಹೊರಳಿ ನಕ್ಕದ್ದೊಂದು ಉಳಿದಿತ್ತು.

ಅವ್ವನ ಹೊಟ್ಟೆಯ ಗಡ್ಡೆ ದೊಡ್ಡದಾಗಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ ವಾರ ಅದು. ಗಂಜಿ ಕುಡಿಸುತ್ತಿದ್ದೆ. ಅವ್ವ ಲೋಟ ಪಕ್ಕಕ್ಕೆ ಸರಿಸಿ, "ಕೇಳಿದ್ದು ಕೊಡಿ ಅಂದ್ರಲ್ಲ ಡಾಕ್ಟ್ರು, ಕೇಳ್ಳಾ?" ಅಂದಳು.

"ಕೇಳವ್ವ. ಮೀನು ತರ್ಲಾ?"

"ಮೀನಲ್ಲ ಕನಮ್ಮ. ನನ್ ಗಾಡಿ."

ಅದು ಮುದ್ದಕ್ಕ ಮಾಡಿದ ಗಾಡಿ. ಮುದ್ದಕ್ಕ ಅಂದರೆ ಅವ್ವನ ಅಕ್ಕ. ಅವ್ವನನ್ನು ಹೆತ್ತು ಅಜ್ಜಿ ತೀರಿಕೊಂಡ ಮೇಲೆ, ತಾನೇ ಇನ್ನೂ ಮೂಗು ಸುರಿಸಿಕೊಂಡಿದ್ದ ಹುಡುಗಿ ಅವ್ವನನ್ನು ಕಂಕುಳಲ್ಲಿಟ್ಟುಕೊಂಡು ಸಾಕಿದಳಂತೆ. ತನ್ನಪ್ಪನ ಸವೆದ ಎಕ್ಕಡದ ಅಟ್ಟೆಗಳನ್ನು ಪದರಪದರವಾಗಿ ಹೊಲಿದು, ಗುಂಡಗೆ ಕತ್ತರಿಸಿ ನಾಲ್ಕು ಚಕ್ರ ಮಾಡಿ, ಬಿದಿರಿನ ಅಚ್ಚಿಗೆ ಸಿಕ್ಕಿಸಿ, ಮೇಲೆ ಒಂದು ಮುರುಕು ಮಣೆ ಕಟ್ಟಿ ತಂಗಿಯನ್ನು ಕೂರಿಸಿ ತಳ್ಳುತ್ತಿದ್ದಳಂತೆ. ಆಮೇಲೆ ಮೇಲ್ಕೇರಿಯ ಯಾವುದೋ ಮನೆಗೆ ಸಗಣಿ ಬಾಚಲು ಹೋದವಳು ಅಲ್ಲೇ ಕೊಟ್ಟಿಗೆಯಲ್ಲಿ ಜ್ವರ ಬಂದು ಸತ್ತಳಂತೆ. ಎಲ್ಲಾ ಅಂತೆ. ಅವ್ವನಿಗೆ ಇದಿಷ್ಟೂ ಗೊತ್ತು, ಆದರೆ ಯಾರೋ ಹೇಳಿ ಗೊತ್ತು. ಹೇಳಿದವರೂ ಈಗಿಲ್ಲ. ಮುದ್ದಕ್ಕನದೇ ಒಂದು ಆಟಿಕೆ ಇದ್ದಿದ್ದರೆ ಅದರಲ್ಲಿ ಏನಾದರೂ ಸಿಗುತ್ತಿತ್ತೇನೋ. ಅವಳು ಆಡಲೇ ಇಲ್ಲ, ತಂಗಿಯನ್ನು ಆಡಿಸಿದಳು.

"ಈಗ್ಯಾಕವ್ವ ಅದು?"

"ಈಗ್ಲೇ ಬೇಕಾಗಿರೋದು. ಅಲ್ಲಿಗೋದ್ ಮ್ಯಾಲೆ ಅವಳ ಗುರ್ತು ಹಿಡೀಬೇಕಲ್ವಾ? ಮಖ ಗೊತ್ತಿಲ್ದೆ ಯಾರ್ನ ಅಂತ ಹುಡುಕ್ಲಿ? ಅದ್ನ ಹಿಡ್ಕೊಂಡಂಗೇ ಕಣ್ ಮುಚ್ಕೊಬುಡ್ತೀನಿ, ತಂದ್ಕೊಡು ಮಗ."

'ಅಲ್ಲಿ' ಎನ್ನುವುದೇ ಸುಳ್ಳು, ಇಲ್ಲಿಯ ಅನ್ಯಾಯಕ್ಕೆ ಬಳಿದ ಸುಣ್ಣ ಅದು ಎಂದು ನಮ್ಮ ಓದಿನ ಬಳಗದಲ್ಲಿ ಮೇಜು ಗುದ್ದಿ ವಾದ ಮಾಡಿದವಳು ನಾನು. ಅವ್ವನ ಚಾಪೆಯ ಪಕ್ಕದಲ್ಲಿ ಆ ವಾದದ ಒಂದು ಸಾಲೂ ನನ್ನ ಬಾಯಿಗೆ ಬರಲಿಲ್ಲ. ತರುತ್ತೇನೆ ಅಂದೆ.

ಭಾನುವಾರದ ಮಧ್ಯಾಹ್ನ ಸಂಘದ ಹಾಲಿಗೆ ಹೋದೆ. ಮುಂಬಾಗಿಲಿನಿಂದ. ನಮ್ಮ ಹೆಂಗಸರು ಹಿತ್ತಲ ಬಾಗಿಲಿನಿಂದ ಹೋಗಿ, ತೊಟ್ಟಿಯ ಹತ್ತಿರ ಲೋಟ ತಟ್ಟೆ ತೊಳೆದು, ಹಾಗೇ ಹಿತ್ತಲಿನಿಂದ ಬರುವುದು ರೂಢಿ. ಒಳಗೆ ಬೆತ್ತದ ಕುರ್ಚಿಗಳಲ್ಲಿ ಮೇಲ್ಕೇರಿಯವರು ಸಾಲಾಗಿ ಕೂತಿದ್ದರು. ಎಲ್ಲರ ತೊಡೆಯ ಮೇಲೂ ಒಂದೊಂದು ಆಟಿಕೆ, ಎಲ್ಲರ ಕಣ್ಣೂ ಮುಚ್ಚಿದೆ. ಯಾರೋ ಮೂಗೆಳೆದರು. ಜೀವಮಾನದಲ್ಲಿ ಬೂಟು ಬಿಚ್ಚಿ ಅಂಗಳಕ್ಕಿಳಿಯದ ಒಬ್ಬ ದೊಡ್ಡ ಮನುಷ್ಯರು, "ಆಹಾ, ಬಿಸಿಲು ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡೋದು! ಆ ಬಡತನದಲ್ಲಿ ಏನು ಸುಖ ಇತ್ತು ರೀ!" ಎಂದು ಕಣ್ಣೊರೆಸಿಕೊಂಡರು. ಅವರ ಕೈಯಲ್ಲಿದ್ದದ್ದು ಹೊನ್ನಯ್ಯಮಾವನ ತಮ್ಮನ ಸೈಕಲ್ ಟೈರು. ಆ ಬರಿಗಾಲಿಗೆ ಮುಳ್ಳು ಚುಚ್ಚಿ ಕೀವಾಗಿ ಅವನು ಇವತ್ತಿಗೂ ಕುಂಟುತ್ತಾನೆ. ಕುಂಟು ಅವನಿಗೆ ಉಳಿಯಿತು, ಓಟ ಇವರ ಪಾಲಾಯಿತು.

ಸಂಘದ ಅಧ್ಯಕ್ಷರು ಸದಾನಂದಯ್ಯನವರು. ನನ್ನನ್ನು ನೋಡಿ ಕೈಯೆತ್ತಿದರು. "ಬಾಮ್ಮಾ ಹೊಂಬಾಳೆ. ನೋಡ್ರಿ, ಇವಳು ನಮ್ಮ ಸ್ಕೂಲಿನ ಹೆಣ್ಣುಮಗಳು. ಕನ್ನಡ ಎಷ್ಟು ಸ್ವಚ್ಛವಾಗಿ ಮಾತಾಡ್ತಾಳೆ ಅಂತೀರಿ!" ಕೂತುಕೋ ಅನ್ನಲಿಲ್ಲ.

ಅವರ ಪಕ್ಕದಲ್ಲಿ ಅವರ ಹೆಂಡತಿ ವಿಶಾಲಾಕ್ಷಮ್ಮನವರು ಕಣ್ಣು ಮುಚ್ಚಿ ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದರು. ತೊಡೆಯ ಮೇಲೆ ಗಾಡಿ, ಅಟ್ಟೆಯ ಚಕ್ರ, ಮುರುಕು ಮಣೆ. "ತಳ್ತಾ ಇದಾರೆ ರೀ," ಅನ್ನುತ್ತಿದ್ದರು, "ಹಿಂದಿನಿಂದ ಯಾರೋ ತಳ್ತಾ ಇದಾರೆ. ಎಷ್ಟು ಜೋರು! ಯಾರು ಅಂತ ಕಾಣಲ್ಲ. ಹಾಗಿದ್ರೇ ಚೆಂದ. ನಮ್ಮಮ್ಮನೇ ಅಂದ್ಕೋತೀನಿ ನಾನು."

ಯಾರು ಅಂತ ಕಾಣಲ್ಲ ಎಂದದ್ದು ನನ್ನ ಎದೆಗೆ ಕಲ್ಲಿನಂತೆ ಬಿತ್ತು. ಪರರ ಕೈಗೆ ಮುಖ ಸುಲಭಕ್ಕೆ ಒಲಿಯುವುದಿಲ್ಲವೇನೋ, ಅವ್ವ ಹಿಡಿದರೆ ಕಂಡೀತು ಎಂದು ಸಮಾಧಾನ ಹೇಳಿಕೊಂಡೆ. ಬಂದ ವಿಷಯ ಹೇಳಿದೆ.

"ಅಯ್ಯೋ ಪಾಪ," ಅಂದರು ಸದಾನಂದಯ್ಯ. "ಆದ್ರೆ ಒಂದು ಯೋಚನೆ ಮಾಡು. ನಿಮ್ಮ ಮನೇಲೇ ಇದ್ದಿದ್ರೆ ಇಷ್ಟೊತ್ತಿಗೆ ಗೆದ್ದಲು ತಿಂದಿರೋದು. ನಾವು ಕಾಪಾಡ್ಕೊಂಡು ಬಂದಿದೀವಿ. ಇದು ಈಗ ಊರಿನ ಆಸ್ತಿ ಕಣಮ್ಮ."

"ಊರು ಅಂದ್ರೆ ಯಾರು ಸಾರ್? ನಮ್ಮವ್ವ ಈ ಬಾಗಿಲು ದಾಟಿ ಒಂದು ದಿನ ಒಳಗೆ ಬಂದಿದಾಳಾ?"

"ನೋಡು, ಭಾವಾವೇಶ ಬೇಡ."

"ಬೇಡ ಅಂದ್ರೆ ಹೇಗೆ ಸಾರ್? ನಿಮ್ಮ ಸಂಘದಲ್ಲಿ ನಡೀತಿರೋದೇ ಅದಲ್ವಾ?"

ಒಂದಿಬ್ಬರು ಕಣ್ಣು ತೆರೆದರು. ಅಷ್ಟರಲ್ಲಿ ಹಿತ್ತಲಲ್ಲಿ ಲೋಟ ತೊಳೆಯುವ ಸದ್ದು ನಿಂತುಹೋಯಿತು. ಇಡೀ ಹಾಲಿಗೆ ಆ ಸದ್ದು ಇದ್ದದ್ದು ಗೊತ್ತಾದದ್ದೇ ಅದು ನಿಂತ ಮೇಲೆ. ಹಿಂಬಾಗಿಲಲ್ಲಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಕುಳ್ಳಮ್ಮತ್ತೆ ನಿಂತಿದ್ದಳು, ಅವಳ ಹಿಂದೆ ಇನ್ನಷ್ಟು ತಲೆಗಳು.

"ಕೊಟ್ಬುಡಿ ಬುದ್ಧೀ," ಅಂದಳು. "ಎಲ್ಡನೇ ಕಾಪಿ ಹೊತ್ತಾಯ್ತು. ಲೋಟ ಎಲ್ಲಾ ಹಂಗೇ ಎಂಜ್ಲು ಬಿದ್ದವೆ."

"ಏನು, ಹೆದರಿಸ್ತೀಯಾ?"

"ರಾಮ ರಾಮ! ತಮ್ನ ಹೆದ್ರಿಸಾಕೆ ನಾವೆಷ್ಟರೋರು? ಎಲ್ಲಾರ ಕೈಗೂ ಒಟ್ಗೆ ಜೋಮು ಹಿಡ್ದುಬುಟ್ಟದೆ. ರಾಚಮ್ಮನ ಗಾಡಿ ಈ ಬಾಗ್ಲು ದಾಟೋಗಂಟ ಬುಡಾಕಿಲ್ಲ ಅಂತದೆ ಅದು."

ರಾಚಮ್ಮ ನನ್ನ ಅವ್ವ. ಮೇಲ್ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಡತನದ ಸುಖ ಉಂಡವರು, ಬಿಸಿಲ ಕಲ್ಲಿನ ಮೇಲೆ ಓಡಿದವರು ಎಲ್ಲರೂ ಇದ್ದರು, ಆದರೆ ಆ ಹಾಲಿನಲ್ಲಿ ಒಂದು ಎಂಜಲು ಲೋಟ ಎತ್ತಿ ತೊಳೆಯುವವರು ಯಾರೂ ಇರಲಿಲ್ಲ. ಸದಾನಂದಯ್ಯನವರು ಹೆಂಡತಿಯ ಕಡೆ ತಿರುಗಿ ಕಣ್ಣಲ್ಲೇ ಹೇಳಿದರು. ವಿಶಾಲಾಕ್ಷಮ್ಮನವರು ಗಾಡಿಯನ್ನು ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟರು. ನಿಜವಾಗಿಯೂ ಅವರ ಕಣ್ಣು ತುಂಬಿತ್ತು. "ತಂದುಕೊಡ್ತೀಯಲ್ಲಮ್ಮ?" ಅಂದರು, "ಆಮೇಲೆ?"

ಆಮೇಲೆ ಅಂದರೆ ಏನೆಂದು ನನಗೆ ಗೊತ್ತಾಯಿತು. ಸೆರಗಿನ ತುದಿಯಲ್ಲಿ ಸುತ್ತಿ, ಬರಿಬೆರಳು ತಾಗದ ಹಾಗೆ ಗಾಡಿಯನ್ನೆತ್ತಿಕೊಂಡು ಹೊರಟೆ. ಕೇರಿಯಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಮೇಲ್ಕೇರಿಯಿಂದ ಕೆಳಕ್ಕೆ ಒಂದು ಆಟಿಕೆ ವಾಪಸು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಹೊನ್ನಯ್ಯಮಾವ, "ಬಂತೇನವ್ವಾ? ಬಂದೇ ಬುಡ್ತಾ?" ಅನ್ನುತ್ತ ಮಗುವಿನ ಹಾಗೆ ನನ್ನ ಹಿಂದೆ ಬಂದು, ನಮ್ಮ ಹೊಸ್ತಿಲ ಹತ್ತಿರ ಮರ್ಯಾದೆಗೆ ನಿಂತ.

ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ ಗಾಡಿಯನ್ನು ಮಡಿಲಿಗಿಟ್ಟೆ. ಅವಳು ಎರಡೂ ಕೈಯಿಂದ ಹಿಡಿದಳು. ಕಣ್ಣು ಮುಚ್ಚಿತು. ಆಮೇಲೆ ಕಂಬಳಿಯ ಕೆಳಗೆ ಕಡ್ಡಿಯಂತಾಗಿದ್ದ ಕಾಲುಗಳು ಕುಣಿಯತೊಡಗಿದವು. ಅವ್ವ ನಕ್ಕಳು. ಆ ನಗೆಯನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ, ಗಂಟಲಿನಿಂದಲ್ಲ, ಹೊಟ್ಟೆಯಿಂದ, ಗಡ್ಡೆ ಇರುವ ಅದೇ ಹೊಟ್ಟೆಯಿಂದ ಬರುವ ನಗು. "ಜೋರಾಗ್ ತಳ್ಳಕ್ಕಾ! ಇನ್ನೂ ಜೋರು! ಬೀಳ್ತೀನಿ, ಅಯ್ ಬೀಳ್ತೀನಿ!" ಅಂದಳು. ಹೊಸ್ತಿಲಾಚೆ ಹೊನ್ನಯ್ಯಮಾವ ಕಣ್ಣೊರೆಸಿಕೊಂಡ. ನನಗೂ ಗೆದ್ದೆವು ಅನಿಸಿತು.

"ತಿರ್ಗಿ ನೋಡವ್ವ," ಅಂದೆ. "ಹಿಂದಕ್ಕೆ ತಿರ್ಗು."

"ತಿರುಗ್ತಾವ್ನಿ. ಅಗೋ ಕೈ ಕಾಣ್ತದೆ. ಕೈ ತುಂಬಾ ತರಚು. ಬಳೆ ಒಂದು ಒಡ್ದದೆ. ಲಂಗ, ನೀಲಿ, ತ್ಯಾಪೆ ಹಾಕದೆ. ಕುತ್ಗೇಲಿ ಕರೀ ದಾರ…" ಕುಣಿಯುತ್ತಿದ್ದ ಕಾಲು ನಿಂತವು. "ಮಗ."

"ಏನವ್ವ?"

"ಮಖ ಇಲ್ಲ ಕನಮ್ಮ."

"ಇನ್ನೊಂದ್ಸಲ ನೋಡು."

"ನೋಡ್ತಾನೇ ಅವ್ನಿ. ಕುತ್ಗೆಗಂಟ ಅವ್ಳೆ. ಅದರ ಮ್ಯಾಲೆ ತಿಕ್ಕಿದಂಗದೆ. ಬೆಳ್ಳಗೆ." ಕಣ್ಣು ತೆರೆದು ಗಾಡಿಯನ್ನು ಮೂಗಿನ ಹತ್ತಿರ ಒಯ್ದಳು, ಚಕ್ರವನ್ನು ಮೂಸಿದಳು. "ಸೀಗೇಕಾಯಿ. ಅರಿಸ್ನ." ಗಾಡಿ ಮಡಿಲಲ್ಲಿ ಕುಸಿಯಿತು. "ತೊಳ್ದವ್ರೆ. ಎಕ್ಕಡದ ಅಟ್ಟೆ ಅಲ್ವಾ, ಮೈಲ್ಗೆ ಕಳ್ದು ಒಳೀಕ್ ತಗೊಂಡವ್ರೆ. ನಮ್ ಆಟ ಬೇಕು ಅವ್ರಿಗೆ, ನಮ್ ಕೈ ಅಂಟ್ಬಾರ್ದು."

ಹೊಸ್ತಿಲಾಚೆ ಹೊನ್ನಯ್ಯಮಾವನ ಹಿಂದೆ ಕೇರಿಯ ಹೆಂಗಸರೂ ಬಂದು ಸೇರಿದ್ದರು. ಎಷ್ಟು ಮನೆಯ ಆಟಿಕೆಗಳು ಆ ಹಾಲಿನಲ್ಲಿವೆ ಎಂದು ಅಲ್ಲಿ ನಿಂತವರೆಲ್ಲ ಒಟ್ಟಿಗೇ ನೆನೆದಿರಬೇಕು. ಎಷ್ಟು ಅಕ್ಕಂದಿರು, ಎಷ್ಟು ಅಜ್ಜಿಯರು ಕುತ್ತಿಗೆಯವರೆಗೆ ಮಾತ್ರ ಉಳಿದು ಯಾರ್ಯಾರ ತೊಡೆಯ ಮೇಲೋ ಇದ್ದಾರೆ ಎಂದು. ನಾನು ಎದ್ದು ನಿಂತಿದ್ದೆ, ಹೋಗಿ ಆ ಹಾಲಿನ ಗಾಜೆಲ್ಲ ಪುಡಿ ಮಾಡಬೇಕು ಅನಿಸಿತ್ತು. ಅವ್ವ ನನ್ನ ಸೀರೆಯ ಅಂಚು ಹಿಡಿದೆಳೆದಳು.

"ಕೂಗಾಡ್ಬ್ಯಾಡ. ಆಗ ಸಂಘದ ತೊಟ್ಟಿ ಕೆಲ್ಸಕ್ಕಿದ್ದೋಳು ಸಿದ್ದಾಜಿ. ತೊಳ್ದಿರೋಳು ಅವಳೇ. ನೀರಾಕೋಕೆ ಮುಂಚೆ ಕೈಯಾಗ್ ಹಿಡ್ದಿರ್ತಾಳಲ್ಲ, ಕಂಡಿರ್ತಾಳೆ. ಮುದ್ದಕ್ಕ ಹೆಂಗಿದ್ಲು ಅಂತ ಕೇಳ್ಕೊಂಬಾ. ಅವ್ಳು ಬಾಯಲ್ಲಿ ಹೇಳಿದ್ರೂ ಸಾಕು ನಂಗೆ."

ಇದು ನನಗೆ ಹೊಳೆದೇ ಇರಲಿಲ್ಲ. ಓಡಿದೆ. ಸಿದ್ದಾಜಜ್ಜಿಯ ಗುಡಿಸಲು ಕೇರಿಯ ಕೊನೆಗೆ. ಅವಳಿಗೆ ಈಗ ಕಣ್ಣು ಮಂಜು, ಬೆರಳ ಲೆಕ್ಕದಲ್ಲೇ ಪೊರಕೆ ಕಟ್ಟುತ್ತಾಳೆ. ಅಂಗಳದಲ್ಲಿ ಕಡ್ಡಿ ಹರವಿಕೊಂಡು ಕೂತಿದ್ದಳು. ಓಡುತ್ತಿದ್ದಾಗ ನನ್ನ ತಲೆಯಲ್ಲಿ ಅವ್ವನ ಕೆಲಸವೊಂದೇ ಇರಲಿಲ್ಲ. ಕೇರಿಯ ಆಟಿಕೆಗಳೆಲ್ಲ ಇವಳ ಕೈ ದಾಟಿಯೇ ಹೋಗಿವೆ, ಹಾಗಿದ್ದ ಮೇಲೆ ಅಳಿಸಿಹೋದ ಮುಖಗಳೆಲ್ಲ ಈ ಒಬ್ಬ ಮುದುಕಿಯ ಕಣ್ಣಿನಲ್ಲಿ ಇರಬೇಕು, ಒಬ್ಬೊಬ್ಬರನ್ನೇ ಕರೆದು ಹೇಳಿಸಿದರೆ ಎಲ್ಲರಿಗೂ ಅವರವರ ಸತ್ತವರು ಸಿಗುತ್ತಾರೆ ಎಂದು ಲೆಕ್ಕ ಹಾಕುತ್ತ ಓಡಿದ್ದೆ.

ಅವಳು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಕಟ್ಟುತ್ತಿದ್ದ ಪೊರಕೆಯನ್ನು ಪಕ್ಕಕ್ಕಿಟ್ಟಳು.

"ಬರಿಗೈಯಾಗ್ ಮುಟ್ಟಿದ್ರೆ ತಾನೇ ಮಗ, ಕಾಣೋದು?"

"ಅಂದ್ರೆ?"

"ಗೋಣಿ ಸುತ್ಕತಿದ್ದೆ ಕೈಗೆ. ಎರಡಕ್ಕೂ, ಮಣಿಕಟ್ಟಿನ ಮ್ಯಾಲಕ್ಕೂ. ತೊಳಿ ಅಂದ್ರು, ತೊಳ್ದೆ. ಹೊಟ್ಟೆಪಾಡು. ಮಖ ಹೋಯ್ತದೆ ಅಂತ ನಂಗೂ ಗೊತ್ತಿತ್ತು, ಬಾಯ್ಬುಟ್ರೆ ಕೇರಿಗೇ ನೀರು ನಿಲ್ಲಿಸ್ತೀವಿ ಅಂದಿದ್ರು. ಅದೊಂದು ಪಾಪ ಹೊತ್ಕೊಂಡೆ. ಅದರ ಜತೀಗೆ ಇನ್ನೊಂದಾ? ನಿಮ್ಮವ್ವ ಅವರಕ್ಕನ್ ಜತೆ ಆಡ್ಕೊಂಡಿರೋದ ನಾನು ಕದ್ದು ನೋಡ್ಲಾ? ನಾನೇನು ಸಂಘದೋಳಾ?"

"ಒಂದ್ಸಲನೂ ಜಾರ್ಲಿಲ್ವಾ ಗೋಣಿ?"

"ಜಾರ್ತು ಒಂದ್ಸಲ. ಯಾರದೋ ಗೊಂಬೆ. ಕೆಂಡ ತಾಕ್ದಂಗಾಯ್ತು, ಕೈ ಬುಟ್ಬುಟ್ಟೆ. ತೊಟ್ಟಿಗ್ ಬಿತ್ತು."

ನನಗೆ ತಡೆಯಲಾಗಲಿಲ್ಲ. "ನೋಡ್ಬೇಕಿತ್ತು ಅಜ್ಜೀ!" ಎಂದು ಕಿರುಚಿದೆ. "ಕದ್ದಾದ್ರೂ ನೋಡ್ಬೇಕಿತ್ತು! ಅವರು ಉಜ್ಜಿ ಅಳಿಸೋಕೆ ಮುಂಚೆ ನೀನೊಬ್ಬಳಾದ್ರೂ ನೋಡಿದ್ರೆ ಕೇರಿಯ ಮುಖ ಎಲ್ಲಾ ಉಳೀತಿತ್ತು. ಯಾರ ಮರ್ಯಾದೆ ಕಾಪಾಡಿದೆ ನೀನು? ತೊಟ್ಟಿ ನೀರಿನ ಮರ್ಯಾದೆನಾ?"

ಅವಳ ಮಂಜು ಕಣ್ಣು ನನ್ನ ಮುಖವನ್ನು ಹುಡುಕಿತು. ಮುದುಕಿಗೆ ಇದು ಎಂದೂ ಹೊಳೆದಿರಲಿಲ್ಲ. ತನ್ನ ಬಾಳಿನಲ್ಲಿ ಕೆಡದೆ ಉಳಿದಿರುವುದು ಇದೊಂದೇ ಎಂದು ನಂಬಿ ಕೂತಿದ್ದಳು, ನಾನು ಬಂದು ಅದನ್ನೂ ಕಿತ್ತುಕೊಂಡಿದ್ದೆ. "ಹಂಗಂತೀಯಾ?" ಅಂದಳು. ತನ್ನ ಅಂಗೈಗಳನ್ನು ಮೇಲೆತ್ತಿ ಕಣ್ಣಿನ ಹತ್ತಿರ ತಂದುಕೊಂಡು ನೋಡಿದಳು. "ನಂಗ್ಯಾರೂ ಹೇಳ್ಲೇ ಇಲ್ವಲ್ಲ ಮಗ."

ನಾನು ಏಳುವಾಗ ನನ್ನ ಕೈ ಹಿಡಿದುಕೊಂಡಳು. "ಹೋಗಿ ಏನಾದ್ರೂ ಒಂದು ಹೇಳ್ಬುಡು. ಗಲ್ಲದ ಮ್ಯಾಲೆ ಮಚ್ಚೆ ಇತ್ತಂತೆ, ಮುಂದಿನ ಹಲ್ಲು ಬಿರುಕಂತೆ ಅಂತ. ಸಾಯೋಳಿಗೆ ಯಾವ್ದಾದ್ರೂ ಒಂದು ಮಖ ಕೊಡು."

ವಾಪಸು ಬರುವ ದಾರಿಯುದ್ದಕ್ಕೂ ಆ ಮುಖವನ್ನು ಕಟ್ಟಿದೆ. ಮಚ್ಚೆ ಎಡಗಲ್ಲಕ್ಕಿಟ್ಟೆ. ಹುಬ್ಬು ಅವ್ವನದೇ ಕೊಟ್ಟೆ. ಎಣ್ಣೆ ಕಾಣದ ಕೆಂಚು ಕೂದಲು ಕೊಟ್ಟೆ. ಬಹಳ ಚೆಂದದ ಹುಡುಗಿ ತಯಾರಾದಳು. ಹೊಸ್ತಿಲಿಗೆ ಬಂದಾಗ ಮಾತೆಲ್ಲ ನಾಲಗೆಯ ತುದಿಯಲ್ಲೇ ಇತ್ತು. ಆದರೆ, ಅಲ್ಲಿ ಎಂಬುದೇ ಇಲ್ಲವೆಂದು ಮೇಜು ಗುದ್ದಿದ ನನಗೆ, ಅವ್ವ ಅಲ್ಲಿ ಎಡಗಲ್ಲದ ಮಚ್ಚೆಯನ್ನು ಹುಡುಕುತ್ತ ಹುಡುಕುತ್ತ ನಿಜವಾದ ಮುದ್ದಕ್ಕನ ಪಕ್ಕದಲ್ಲೇ ದಾಟಿ ಹೋಗುವುದು ಕಣ್ಣಿಗೆ ಕಟ್ಟಿತು.

ಅವ್ವ ಬಾಗಿಲ ಕಡೆಯೇ ನೋಡುತ್ತಿದ್ದಳು. ಗಾಡಿಯನ್ನು ಕಂಬಳಿಯಿಂದ ಆಚೆಗೆ ಸರಿಸಿದ್ದಳು. "ಏನಂದ್ಲು?"

"ಕೈಗೆ ಗೋಣಿ ಸುತ್ಕೊಂಡಿದ್ಲಂತೆ ಅವ್ವ. ಕಂಡಿಲ್ಲ."

ಅವ್ವ ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡು, "ನಾನಾಗಿದ್ರೂ ಹಂಗೇ ಸುತ್ಕತಿದ್ದೆ," ಅಂದಳು. "ಒಳ್ಳೇ ಹೆಂಗ್ಸು." ನಾನು ಮಲಗಿಸಿದೆ. ಕಂಬಳಿ ಹೊದಿಸಿದೆ. ಅವಳು ಗೋಡೆಯ ಕಡೆಗೆ ಹೊರಳಿದಳು, ಮಾತು ಗೋಡೆಗೆ ಆಡಿದ ಹಾಗೆ ಬಂತು. "ಬುಡು ಅತ್ಲಾಗೆ. ಅಲ್ಲಿ ಎಲ್ಲಾರ ಮುಂದೂ ಒಂದೀಟೊತ್ತು ನಿಂತ್ಕೊಂಡು ನಿಂತ್ಕೊಂಡು ಹೋಯ್ತೀನಿ. ಯಾವಳಾದ್ರೂ ನನ್ನ ರಾಚೀ ಅಂತ ಕೂಗಿದ್ರೆ, ಅವ್ಳೇ."

ಸರಿ ಅವ್ವ, ಅಂದೆ.

ನಿದ್ದೆ ಹತ್ತಿತು ಅಂದುಕೊಂಡು ಎದ್ದೇಳುತ್ತಿದ್ದೆ. ಗೋಡೆಯ ಕಡೆಯಿಂದಲೇ ಮತ್ತೆ ಕೇಳಿದಳು: "ಅವ್ಳ ಗಾಡಿ ಮ್ಯಾಲೆ ಕೂತಿದ್ದಿದ್ದು ಇಷ್ಟುದ್ದದ ಕೂಸು ಕನಮ್ಮ. ಈ ಮುದ್ಕೀನ ನೋಡಿ ಅವ್ಳು ಯಾರಂತ ಗುರ್ತು ಹಿಡ್ದು ಕೂಗ್ತಾಳೆ?"